ಟೂಲ್‌ಸೆಟ್ ಸಾಹೇಬರಿಗೆ ಬಹಿರಂಗ ಪತ್ರ

ಮಹಾಸ್ವಾಮಿ,

ತಮ್ಮ ಖರೆ ಹೆಸರು ಯಾವುದೆಂದು ತಿಳಿಯದೆ ಸಾಹೇಬರೆಂದೇ ಬರೆಯುತ್ತಿದ್ದೇನೆ. ಜಾಹೀರಾತಿನಲ್ಲಿ ತಾವು ವಿಷುಯಲ್ ಸ್ಟುಡಿಯೋ 2022. ಅಬೌಟ್ ಕಿಟಕಿಯಲ್ಲಿ 17. ಪ್ರಾಜೆಕ್ಟ್ ಫೈಲಿನಲ್ಲಿ ವಿ143. ಕಂಪೈಲರನ್ನೇ ವಿಚಾರಿಸಿದರೆ 19ರಿಂದ ಶುರುವಾಗುವ ಮತ್ತೊಂದು ಅಂಕಿ. 2013ರಲ್ಲಿ 12 ಆಗಿದ್ದವರು 2015ಕ್ಕೆ 14 ಆದಿರಿ. ನಡುವಿನ 13 ಏನಾಯಿತೆಂದು ಕೇಳುವ ಧೈರ್ಯ ನಮಗಿಲ್ಲ. 2024ರಲ್ಲಿ ಒಳಗಿನ ಅಂಕಿ 14.39 ದಾಟಿ 14.40 ಆಯಿತು, ಹೆಸರು ಮಾತ್ರ ವಿ143 ಆಗಿಯೇ ಉಳಿಯಿತು. ವಿ143 ಎಂದರೆ 14.3 ತಾನೇ ಎಂದು ನಂಬಿ ಸ್ಕ್ರಿಪ್ಟ್ ಬರೆದಿಟ್ಟ ಭಕ್ತರ ಗತಿ ತಾವೇ ಬಲ್ಲಿರಿ.

ಹಳೆಯ ಪ್ರಾಜೆಕ್ಟ್ ಬಿಲ್ಡ್ ಮಾಡಹೊರಟರೆ ಎಂಎಸ್‌ಬಿ 8020 ಎಂಬ ತಗಾದೆ: ವಿ120ರ ಬಿಲ್ಡ್ ಟೂಲ್ಸ್ ಸಿಗುತ್ತಿಲ್ಲವಂತೆ. ಜೊತೆಗೇ ರೀಟಾರ್ಗೆಟ್ ಎಂಬ ಪ್ರಸಾದ. ಒತ್ತಿದೊಡನೆ ನಮ್ಮ ಕೋಡ್ ಹೊಸ ಕಾಲಕ್ಕೆ ಬರುತ್ತದೆ. ಸೋರ್ಸ್ ಕೊಡದೆ ಹೋದ ಯಾರದೋ ಲೈಬ್ರರಿ 2013ರಲ್ಲೇ ಕೂತಿರುತ್ತದೆ. ಆಗ ಲಿಂಕರ್ ಜೋಯಿಸರು ಜಾತಕ ಬಿಚ್ಚುತ್ತಾರೆ. ಎಲ್‌ಎನ್‌ಕೆ 2038: ಒಂದು ಕಡೆ 1800, ಇನ್ನೊಂದು ಕಡೆ 1900, ಕೂಡಿಬರುವುದಿಲ್ಲ. ತಮಾಷೆಯೆಂದರೆ, 2022ರ ಸಿ++ ಹೆಡರುಗಳೂ ಈ ಜಾತಕದಲ್ಲಿ 1900 ಎಂದೇ ಬರೆಸುತ್ತವೆ. ವಯಸ್ಸು ಮುಚ್ಚಿಟ್ಟು ಸಂಬಂಧ ಕುದುರಿಸುವುದು ತಮ್ಮಲ್ಲೂ ಉಂಟು ಅನ್ನಿ!

ಆ ಸುಳ್ಳಿನಿಂದ ಉಪಕಾರವೇ ಆಗಿದೆ, ಅಲ್ಲಗಳೆಯುವುದಿಲ್ಲ. 2015ರಿಂದೀಚೆಗೆ ವಿ140ರಿಂದ ವಿ143ರವರೆಗಿನವರು ಒಂದೇ ಪಂಕ್ತಿಯಲ್ಲಿ ಉಣ್ಣಬಹುದು. ಆದರೆ ಲಿಂಕರ್ ಅವರಲ್ಲಿ ಯಾರಿಗಿಂತಲೂ ಹಳೆಯದಿರಬಾರದು. ಜಿಎಲ್ ಆಯ್ಕೆಯಲ್ಲಿ ಕಟ್ಟಿದ ಫೈಲುಗಳಿಗೆ ಈ ಪಂಕ್ತಿಯಲ್ಲಿ ಜಾಗವಿಲ್ಲ. ಗಿರಾಕಿಯ ಯಂತ್ರದ ರನ್‌ಟೈಮ್ ಕೂಡ ನಮ್ಮ ಟೂಲ್‌ಸೆಟ್‌ಗಿಂತ ಹಿಂದೆ ಬೀಳಬಾರದು. ಕೊನೆಯದನ್ನು ಓದುವವರೇ ಕಡಿಮೆ. ಡಿಎಲ್‌ಎಲ್‌ನ ಹೆಸರು ಅಂದಿನಿಂದ ಇಂದಿಗೂ ಎಂಎಸ್‌ವಿಸಿಪಿ140. ಹೊರಗಿನಿಂದ ನೋಡಿ ಹಳೆಯದೋ ಹೊಸದೋ ಹೇಳುವುದು ಹೇಗೆ? ವಿಷುಯಲ್ ಸ್ಟುಡಿಯೋ 2022ರ 17.10 ಆವೃತ್ತಿಯಲ್ಲಿ ಕಟ್ಟಿದ ಪ್ರೋಗ್ರಾಂ ಹಳೆಯ ಡಿಎಲ್‌ಎಲ್ ಕೈಗೆ ಸಿಕ್ಕಿ, ಮ್ಯೂಟೆಕ್ಸ್ ಲಾಕ್ ಮಾಡುವಲ್ಲೇ ಬಿದ್ದುಹೋಗುತ್ತಿತ್ತು. ಬಿಲ್ಡ್ ಮಾಡಿದವನ ಯಂತ್ರದಲ್ಲಿ ಮಾತ್ರ ಎಲ್ಲ ಸೊಗಸು.

ತಾವು ಬದಲಾಗುವವರಲ್ಲ. ಆದ್ದರಿಂದ ಈ ಮಾತು ಸಹೋದ್ಯೋಗಿಗಳಿಗೆ: ಬರೀ ವಿ143 ಎಂದು ನಂಬಿ ಕೂರಬೇಡಿ. ವಿಸಿವಾರ್ಸ್ ಸ್ಕ್ರಿಪ್ಟಿಗೆ 14.38 ಎಂದೋ 14.40 ಎಂದೋ ಬಿಡಿಸಿ ಹೇಳಿ, ಎಲ್ಲರ ಯಂತ್ರದಲ್ಲೂ ಅದನ್ನೇ ಹಾಕಿಸಿ. ಇನ್‌ಸ್ಟಾಲರ್ ಜೊತೆ ಹೊಸ ರೀಡಿಸ್ಟ್ರಿಬ್ಯೂಟಬಲ್ ಕಳಿಸಿ. ಸೋರ್ಸ್ ಇಲ್ಲದ ಲೈಬ್ರರಿಯನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಒಳಗೆ ಬಿಟ್ಟುಕೊಳ್ಳಬೇಡಿ.

ಇಂತಿ ತಮ್ಮ ವಿಧೇಯ,
ಬಿಲ್ಡ್ ನೋಡಿಕೊಳ್ಳುವವನು