ಬೀಟಾ ಗ್ಲೋಬಿನ್ ಮಹಾಕೃತಿಯ ಆರನೇ ಪದ: ಒಂದು ಪಾಠಾಂತರ ಮೀಮಾಂಸೆ

ಹನ್ನೊಂದನೇ ವರ್ಣತಂತುವಿನಲ್ಲಿ ದೊರೆಯುವ ಬೀಟಾ ಗ್ಲೋಬಿನ್ ಎಂಬ ಕೃತಿಯ ಕರ್ತೃ ಯಾರೆಂದು ತಿಳಿಯದು, ಕಾಲವೂ ಖಚಿತವಿಲ್ಲ. ಪ್ರತಿಗಳ ಸಂಖ್ಯೆಯಲ್ಲಿ ಮಾತ್ರ ಅದು ಯಾವ ಕಾವ್ಯಕ್ಕೂ ಸೋಲುವುದಿಲ್ಲ. ಪ್ರತಿಯೊಬ್ಬರ ಬಳಿಯೂ ತಾಯಿಯ ಕಡೆಯದೊಂದು, ತಂದೆಯ ಕಡೆಯದೊಂದು ಪ್ರತಿ ಇದೆ. ಗೆದ್ದಲಿನ ಕಾಟವಿಲ್ಲ, ಯಾವ ಮಠದ ಬೀರುವಿನ ಬೀಗದಕೈಗೂ ಕಾಯಬೇಕಿಲ್ಲ. ಇಷ್ಟಿದ್ದೂ ನಮ್ಮ ಗ್ರಂಥಸಂಪಾದಕರು ಇತ್ತ ತಿರುಗಿಯೂ ನೋಡಿಲ್ಲ. ಆ ಕೊರತೆಯನ್ನು ಪ್ರಸ್ತುತ ಪ್ರಬಂಧ ನೀಗಿಸುತ್ತದೆ. ನೀಗಿಸದಿದ್ದರೆ ಅದು ಪುಟಮಿತಿಯ ದೋಷ.

ಮೊದಲು ಕೃತಿಯ ಲಕ್ಷಣ. ಅಕ್ಷರಗಳು ನಾಲ್ಕೇ: ಎ, ಟಿ, ಜಿ, ಸಿ. ಪದಕ್ಕೆ ಮೂರೇ ಅಕ್ಷರ. ಸಾಧ್ಯವಿರುವ ಪದಗಳು 64. ಅವುಗಳಲ್ಲಿ ಮೂರು ಪೂರ್ಣವಿರಾಮ, ಉಳಿದ 61ಕ್ಕೂ ಸೇರಿ ಅರ್ಥ 20 ಮಾತ್ರ, ಅಂದರೆ 20 ಅಮೈನೋ ಆಮ್ಲಗಳು. ಪುನರುಕ್ತಿಯಲ್ಲಿ ಈ ಕೃತಿ ನಮ್ಮ ಸ್ವಾಗತ ಭಾಷಣಗಳನ್ನೂ ಮೀರಿಸಿದೆ. ಜೀವಕೋಶ ಈ ಪದಗಳನ್ನು ಓದಿ ಹೆಣೆಯುವ 146 ಆಮ್ಲಗಳ ಸರ, ಅಂದರೆ ಪ್ರೋಟೀನು, ತಯಾರಾದೊಡನೆ ತಾನಾಗಿ ಮಡಿಚಿಕೊಳ್ಳುತ್ತದೆ: ನೀರೆಂದರೆ ಆಗದ ಆಮ್ಲಗಳು ಒಳಗೆ ಅಡಗುತ್ತವೆ, ವಿದ್ಯುದಂಶವುಳ್ಳವು ಹೊರಗೆ ನೀರಿಗೆ ಮುಖ ಮಾಡುತ್ತವೆ. ಇಂಥ ಎರಡು ಬೀಟಾ, ಎರಡು ಆಲ್ಫಾ ಸರಗಳು ಕೂಡಿದರೆ ಹಿಮೋಗ್ಲೋಬಿನ್. (ಆರಂಭದ ಮೆಥಿಯೋನಿನ್ ಎಂಬ ನಾಂದಿಯನ್ನು ಜೀವಕೋಶವೇ ಕತ್ತರಿಸಿ ಎಸೆಯುವುದರಿಂದ ಅದನ್ನು ಎಣಿಕೆಗೆ ಹಿಡಿದಿಲ್ಲ.)

ಸರಕ್ಕೆ ಮನಬಂದಂತೆ ಮಡಿಚಿಕೊಳ್ಳುವ ಸ್ವಾತಂತ್ರ್ಯವಿಲ್ಲ. ಯಾವ ಕೋನಕ್ಕೆ ತಿರುಗಬಹುದು, ಎಲ್ಲಿ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ ಎಂಬ ನಕ್ಷೆಯನ್ನು 1963ರಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಮದ್ರಾಸಿನಲ್ಲಿದ್ದುಕೊಂಡು ಪ್ರಕಟಿಸಿದರು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರಾದ್ದರಿಂದ ಆ ನಕ್ಷೆಯನ್ನು ಕನ್ನಡ ಛಂದಶ್ಶಾಸ್ತ್ರಕ್ಕೆ ಸೇರಿಸಿಕೊಳ್ಳಲು ಪ್ರಬಂಧಕಾರನಿಗೆ ಸಂಕೋಚವಿಲ್ಲ.

ಈಗ ಪಾಠಾಂತರ. ಆರನೇ ಪದದ ಶುದ್ಧಪಾಠ ‘ಜಿಎಜಿ’, ಅರ್ಥ ಗ್ಲುಟಾಮಿಕ್ ಆಮ್ಲ. ಕ-ಪ್ರತಿಯಲ್ಲಿ ಲಿಪಿಕಾರ ಕಡೆಯ ಅಕ್ಷರ ಕೆಡಿಸಿ ‘ಜಿಎಎ’ ಎಂದು ಬರೆದನೆನ್ನೋಣ. ಅದರ ಅರ್ಥವೂ ಗ್ಲುಟಾಮಿಕ್ ಆಮ್ಲವೇ! ಪ್ರೋಟೀನು ಕೂದಲೆಳೆಯಷ್ಟೂ ಬದಲಾಗದು. ಇಂಥ ಲಿಪಿಕಾರನನ್ನು ದಂಡಿಸಲು ಶಾಸ್ತ್ರದಲ್ಲಿ ಎಡೆಯಿಲ್ಲದಿರುವುದು ವಿಷಾದನೀಯ. ಖ-ಪ್ರತಿಯದು ‘ಎಎಜಿ’, ಅರ್ಥ ಲೈಸಿನ್. ಋಣ ವಿದ್ಯುದಂಶವಿದ್ದ ಜಾಗಕ್ಕೆ ಧನ ಬಂತು, ಪೂರಾ ವಿರುದ್ಧಾರ್ಥ, ಅನರ್ಥವಾಗಬೇಕಿತ್ತು. ಆದರೆ ಪಶ್ಚಿಮ ಆಫ್ರಿಕದಲ್ಲಿ ಕಾಣಸಿಗುವ ಈ ಹಿಮೋಗ್ಲೋಬಿನ್-ಸಿಯ ಪಾಠವೇ ಎರಡೂ ಪ್ರತಿಗಳಲ್ಲಿದ್ದರೂ ಅದು ತರುವ ರಕ್ತಹೀನತೆ ಸೌಮ್ಯವಾದದ್ದು.

ಗ-ಪ್ರತಿಯಲ್ಲಿ ನಡುವಿನ ಅಕ್ಷರವೊಂದೇ ಬದಲಾಗಿ ‘ಜಿಟಿಜಿ’ ಆಗಿದೆ. ಅರ್ಥ ವ್ಯಾಲಿನ್. ಈ ವ್ಯಾಲಿನ್ ವಿದ್ಯುದಂಶವಿಲ್ಲದ, ನೀರಿನೊಡನೆ ಹೊಂದದ ಬಡಪಾಯಿ. ಒಳಮಡಿಕೆಯಲ್ಲಿದ್ದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಆರನೇ ಸ್ಥಾನ ಹೊರಮೈಯಲ್ಲಿದೆ. ಹಿಮೋಗ್ಲೋಬಿನ್ ಆಮ್ಲಜನಕ ಹೊತ್ತಿರುವಷ್ಟು ಕಾಲ ಏನೂ ಆಗುವುದಿಲ್ಲ. ಆಮ್ಲಜನಕ ಇಳಿಸಿದೊಡನೆ ಹಿಮೋಗ್ಲೋಬಿನ್ನಿನ ಆಕಾರ ತುಸು ಹೊರಳುತ್ತದೆ, ಬೀಟಾ ಸರದ ಮೇಲೆ 85 ಮತ್ತು 88ನೇ ಆಮ್ಲಗಳ ಬಳಿ ನೀರಿಲ್ಲದ ಒಂದು ಕುಳಿ ತೆರೆದುಕೊಳ್ಳುತ್ತದೆ. ವ್ಯಾಲಿನ್ ಪಕ್ಕದ ಅಣುವಿನ ಆ ಕುಳಿಯೊಳಗೆ ತೂರಿ ಕೂರುತ್ತದೆ. ಆ ಪಕ್ಕದ ಅಣುವಿಗೂ ವ್ಯಾಲಿನ್ ಇದೆಯಲ್ಲ, ಅದು ಇನ್ನೊಂದಕ್ಕೆ. ಹೀಗೆ ಎಳೆಗಳು ಬೆಳೆದು, ಹೊಸೆದುಕೊಂಡು, ದುಂಡಗಿದ್ದ ಕೆಂಪುರಕ್ತಕಣವನ್ನು ಕುಡುಗೋಲಿನ ಆಕಾರಕ್ಕೆ ಎಳೆಯುತ್ತವೆ. ಸಿಕಲ್ ಸೆಲ್ ರೋಗ ಎಂದರೆ ಇದೇ. 120 ದಿನ ಬಾಳಬೇಕಾದ ಕಣ 10ರಿಂದ 20 ದಿನಕ್ಕೆ ಒಡೆಯುತ್ತದೆ. ಬಿರುಸಾದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ; ವರ್ಷ ತುಂಬದ ಕೂಸಿನ ಕೈಬೆರಳು ಊದಿ, ಮುಟ್ಟಿದರೆ ಕಿರುಚುವಂತಾಗುತ್ತದೆ. ಇಲ್ಲಿ ಅಡಿಟಿಪ್ಪಣಿ ಹಾಕುವ ಧೈರ್ಯ ಪ್ರಬಂಧಕಾರನಿಗಿಲ್ಲ.

ಪೂರ್ವಸೂರಿಗಳನ್ನು ಸ್ಮರಿಸದಿದ್ದರೆ ಪ್ರಬಂಧ ಅಂಗೀಕಾರವಾಗದು. 1910ರಲ್ಲಿ ಶಿಕಾಗೋದ ವೈದ್ಯ ಜೇಮ್ಸ್ ಹೆರಿಕ್ ಈ ಬಾಗಿದ ಕಣಗಳನ್ನು ವರ್ಣಿಸಿದರು. 1949ರಲ್ಲಿ ಲೈನಸ್ ಪಾಲಿಂಗ್ ಬಳಗ ರೋಗಿಯ ಮತ್ತು ಆರೋಗ್ಯವಂತರ ಹಿಮೋಗ್ಲೋಬಿನ್‌ಗಳನ್ನು ವಿದ್ಯುತ್ ಕ್ಷೇತ್ರದಲ್ಲಿ ಓಡಿಸಿ, ಎರಡರ ವಿದ್ಯುದಂಶ ಬೇರೆಯೆಂದು ತೋರಿಸಿ, ಇದು ಅಣುವಿನದೇ ರೋಗ ಎಂದಿತು. ಕೇಂಬ್ರಿಜ್‌ನ ವರ್ನನ್ ಇಂಗ್ರಾಮ್ 1956-57ರಲ್ಲಿ ಟ್ರಿಪ್ಸಿನ್ ಎಂಬ ಜೀರ್ಣಕಿಣ್ವದಿಂದ ಹಿಮೋಗ್ಲೋಬಿನ್ನನ್ನು ತುಂಡರಿಸಿ ಕಾಗದದ ಮೇಲೆ ಹರಡಿದರು. ಸುಮಾರು 30 ಚುಕ್ಕೆಗಳು ಮೂಡಿದವು. ರೋಗಿಯದನ್ನೂ ಆರೋಗ್ಯವಂತರದನ್ನೂ ಅಕ್ಕಪಕ್ಕ ಇಟ್ಟರೆ ಎಲ್ಲವೂ ತಾಳೆ. ಒಂದೇ ಒಂದು ಚುಕ್ಕೆ ಪಕ್ಕಕ್ಕೆ ಸರಿದಿತ್ತು. ಪಾಠ ನಿರ್ಣಯಕ್ಕಾಗಿ ಮೂಲಪ್ರತಿಯನ್ನೇ ತುಂಡರಿಸುವ ಈ ಕ್ರಮವನ್ನು ಹಸ್ತಪ್ರತಿ ಭಂಡಾರಗಳಲ್ಲಿ ಅನುಸರಿಸಬಾರದಾಗಿ ವಿನಂತಿ.

ಹಾಗಾದರೆ ಗ-ಪ್ರತಿ ಅಪಪಾಠ, ತ್ಯಾಜ್ಯ ಎಂದು ಷರಾ ಬರೆದು ಮುಗಿಸಬಹುದಿತ್ತು. ಅಷ್ಟರಲ್ಲಿ ಆಂಥೊನಿ ಆಲಿಸನ್ ಅಡ್ಡ ಬಂದರು. ಒಂದು ಶುದ್ಧಪ್ರತಿ, ಒಂದು ಗ-ಪ್ರತಿ ಇರುವವರಿಗೆ ಫಾಲ್ಸಿಪ್ಯಾರಂ ಮಲೇರಿಯಾದಿಂದ ರಕ್ಷಣೆಯಿದೆ ಎಂದು ಅವರು ಪೂರ್ವ ಆಫ್ರಿಕದಲ್ಲಿ ನಡೆಸಿದ ಅಧ್ಯಯನದಿಂದ 1954ರಲ್ಲಿ ತೋರಿಸಿದರು. ಅಂದರೆ ಯಾವ ಪಾಠ ಉಳಿಯಬೇಕೆಂದು ತೀರ್ಮಾನಿಸುತ್ತಿದ್ದುದು ವಿದ್ವಾಂಸರಲ್ಲ, ಸೊಳ್ಳೆ. ಗ-ಪಾಠ ಆಫ್ರಿಕದ್ದಷ್ಟೇ ಅಲ್ಲ, ನೀಲಗಿರಿಯ ಬುಡಕಟ್ಟುಗಳಲ್ಲಿ 1952ರಲ್ಲೇ ಪತ್ತೆಯಾಗಿತ್ತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲೂ ಇದೆ. ಆದರೆ ತಾಯಿತಂದೆ ಇಬ್ಬರ ಬಳಿಯೂ ಒಂದೊಂದು ಗ-ಪ್ರತಿ ಇದ್ದರೆ, ಎರಡೂ ಗ-ಪ್ರತಿಗಳೇ ಮಗುವಿಗೆ ಬರುವ ಸಂಭವ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು. ಸೊಳ್ಳೆ ತನ್ನ ತೀರ್ಪಿನ ಈ ಭಾಗಕ್ಕೆ ಸಹಿ ಹಾಕಿಲ್ಲ.

2023ರಲ್ಲಿ ಶುರುವಾದ ಸಿಕಲ್ ಸೆಲ್ ನಿರ್ಮೂಲನ ರಾಷ್ಟ್ರೀಯ ಅಭಿಯಾನ ರಕ್ತ ಪರೀಕ್ಷಿಸಿ, ಯಾರ ಬಳಿ ಯಾವ ಪ್ರತಿ ಇದೆಯೆಂದು ಕಾರ್ಡು ಕೊಡುತ್ತಿದೆ. ವರ್ಣನಾತ್ಮಕ ಸೂಚಿ ತಯಾರಿಕೆಯಲ್ಲಿ ಇಷ್ಟು ವೇಗ ನಮ್ಮ ಯಾವ ಕನ್ನಡ ಅಧ್ಯಯನ ವಿಭಾಗದಲ್ಲೂ ಕಂಡದ್ದಿಲ್ಲ.

ಪ್ರಬಂಧಕಾರನ ಕೊನೆಯ ಆಕ್ಷೇಪ ಚಿಕಿತ್ಸಕರ ಮೇಲೆ. ಅದೇ ವರ್ಷ ಬ್ರಿಟನ್ ಮತ್ತು ಅಮೆರಿಕದಲ್ಲಿ ಒಪ್ಪಿಗೆ ಪಡೆದ ಕ್ಯಾಸ್‌ಜೆವಿ ಎಂಬ ಜೀನ್ ಚಿಕಿತ್ಸೆಗೆ ಅಮೆರಿಕದಲ್ಲಿ ಆಗ ನಿಗದಿಯಾದ ಬೆಲೆ 22 ಲಕ್ಷ ಡಾಲರ್. ಅಷ್ಟು ಹಣ ಎಣಿಸಿಕೊಂಡ ಮೇಲೂ ಅದು ಆರನೇ ಪದವನ್ನು ಮುಟ್ಟುವುದಿಲ್ಲ! ತಪ್ಪನ್ನು ಇದ್ದಲ್ಲೇ ಬಿಟ್ಟು, ಬೇರೊಂದು ಜೀನಿನ ಸ್ವಿಚ್ಚನ್ನು ಕತ್ತರಿಸಿ, ತಾಯಿಯ ಗರ್ಭದಲ್ಲಿದ್ದಾಗ ಓದಿಸಿಕೊಳ್ಳುತ್ತಿದ್ದ ಭ್ರೂಣದ ಹಿಮೋಗ್ಲೋಬಿನ್ ಎಂಬ ಹಳೆಯ ಆವೃತ್ತಿಯನ್ನು ಮತ್ತೆ ಚಲಾವಣೆಗೆ ತರುತ್ತದೆ. ಆ ಹಳೆಯ ಹಿಮೋಗ್ಲೋಬಿನ್ ನಡುವೆ ಬಂದರೆ ಎಳೆಗಳು ಹೆಣೆದುಕೊಳ್ಳಲಾರವು. ಹಾಡಿಯ ಜನರಿಗೆ ಎಟುಕಬಹುದಾದ ಹೈಡ್ರಾಕ್ಸಿಯೂರಿಯಾ ಮಾತ್ರೆ ಮಾಡುವುದೂ ಬಹುಮಟ್ಟಿಗೆ ಇದೇ ಕೆಲಸ. ಅಪಪಾಠವನ್ನು ತಿದ್ದದೆಯೇ ಓದುಗನನ್ನು ಉಳಿಸುವ ಈ ಪದ್ಧತಿಗೆ ಪ್ರಬಂಧಕಾರನ ಲಿಖಿತ ವಿರೋಧವಿದೆ. ನೋವು ನಿಂತ ಮೇಲೆ ರೋಗಿಗಳಾರೂ ವಿರೋಧ ಸಲ್ಲಿಸಿದಂತೆ ಕಾಣುವುದಿಲ್ಲ.