ಇಪ್ಪತ್ತೈದರ ಮಗ್ಗಿ

ಐವತ್ತಕ್ಕೇ ಕೆಲಸ ಬಿಡುತ್ತೇನೆ ಅಂತ ನಮ್ಮವರು ತೀರ್ಮಾನಿಸಿದ ಮೇಲೆ ನಮ್ಮ ಮನೆಯಲ್ಲಿ ಎಲ್ಲರಿಗೂ ಇಪ್ಪತ್ತೈದರ ಮಗ್ಗಿ ಬಾಯಿಪಾಠವಾಗಿದೆ. ಸೂತ್ರವೇನೋ ಸುಲಭ. ವರ್ಷಕ್ಕೆ ಎಷ್ಟು ಖರ್ಚೋ ಅದರ ಇಪ್ಪತ್ತೈದು ಪಟ್ಟು ಕೂಡಿಟ್ಟರೆ ಮುಂದೆ ಯಾವ ಮ್ಯಾನೇಜರನ ಮುಖವನ್ನೂ ನೋಡಬೇಕಿಲ್ಲ. 80,000 ಡಾಲರ್ ಖರ್ಚಿನ ಸಂಸಾರಕ್ಕೆ 20 ಲಕ್ಷ ಡಾಲರ್ ಗಂಟು. ವಿಲಿಯಂ ಬೆಂಗೆನ್ ಎಂಬ ಹಣಕಾಸು ಸಲಹೆಗಾರರು 1994ರಲ್ಲಿ ಹಳೆಯ ಷೇರು, ಬಾಂಡುಗಳ ಲೆಕ್ಕವನ್ನೆಲ್ಲ 1926ರಿಂದ ಕೆದಕಿ, ಮೊದಲ ವರ್ಷ ಗಂಟಿನಲ್ಲಿ ಶೇ. 4ರಷ್ಟು ತೆಗೆದು, ಆಮೇಲೆ ಬೆಲೆ ಏರಿದಂತೆ ಏರಿಸಿಕೊಂಡು ಹೋದರೂ ಮೂವತ್ತು ವರ್ಷ ಹಣ ಕರಗದು ಅಂತ ತೋರಿಸಿಕೊಟ್ಟರಂತೆ. ಅವರ ಫೋಟೋಗೆ ಹೂವು ಮುಡಿಸುವುದೊಂದು ಬಾಕಿ.

"ಐವತ್ತಕ್ಕೆ ಮೂವತ್ತು ಕೂಡಿದ್ರೆ ಎಂಬತ್ತು. ನಿಮ್ಮಜ್ಜಿ ತೊಂಬತ್ತು ದಾಟಿದ್ದು ಮರೆತುಹೋಯ್ತೇನ್ರೀ?" ಅಂದೆ. ಅಜ್ಜಿಯ ಆಯಸ್ಸಿಗೂ ಅವರ ಲೆಕ್ಕದ ಶೀಟಿನಲ್ಲಿ ಒಂದು ಸಾಲು ಬಿತ್ತು.

ಈ ಮಗ್ಗಿಯ ತೊಂದರೆ ಏನೆಂದರೆ ಅದು ಹುಬ್ಬಿಗೂ ಅನ್ವಯಿಸುತ್ತದೆ. ನಮ್ಮ ನ್ಯೂಜೆರ್ಸಿಯ ಎಡಿಸನ್ನಿನ ಓಕ್ ಟ್ರೀ ರೋಡಿನಲ್ಲಿ ಥ್ರೆಡಿಂಗ್ ಮಾಡಿಸಿಕೊಂಡು, ತಿಂಗಳ ತರಕಾರಿ, ಕರಿಬೇವು ಹೊತ್ತುಕೊಂಡು ಮನೆಗೆ ಬಂದರೆ ಇವರು ಫೋನಿನಲ್ಲಿ ಗುಣಿಸುತ್ತಾ ಕೂತಿದ್ದಾರೆ. "ತಿಂಗಳಿಗೆ 12 ಡಾಲರ್. ವರ್ಷಕ್ಕೆ 144. ಇಪ್ಪತ್ತೈದರಿಂದ ಗುಣಿಸು. ನಿನ್ನ ಹುಬ್ಬಿಗೇ 3,600 ಡಾಲರ್ ಬಂಡವಾಳ ಬೇಕು ಕಣೇ!" ಹತ್ತಿರ ಬಂದು ಹುಬ್ಬು ನೋಡಿದರು. ಅಷ್ಟು ಬೆಲೆ ಬಾಳುತ್ತದೋ ಇಲ್ಲವೋ ಅಂತ ಪರೀಕ್ಷಿಸುವವರ ಹಾಗೆ. ನಾನೂ ಸುಮ್ಮನಿರಲಿಲ್ಲ, ಅವರ ಕ್ರಿಕೆಟ್ ಚಾನೆಲ್ಲನ್ನು ಗುಣಿಸಿ ತೋರಿಸಿದೆ. ಅದು "ಅಗತ್ಯ ವಸ್ತುಗಳು" ಕಾಲಮ್ಮಿನಲ್ಲಿ ಅಕ್ಕಿ, ಬೇಳೆಯ ಪಕ್ಕ ಆಗಲೇ ಕೂತಿತ್ತು.

ಆ ಶೀಟು ಅಂದರೆ ಸಾಮಾನ್ಯವಲ್ಲ. ಮನೆ ಸಾಲಕ್ಕೊಂದು ಬಣ್ಣ, ಆಸ್ತಿ ತೆರಿಗೆಗೆ ಕೆಂಪು. ಸಾಲ ತೀರಿದರೂ ನ್ಯೂಜೆರ್ಸಿಯ ಆಸ್ತಿ ತೆರಿಗೆ ತೀರುವುದಿಲ್ಲವಲ್ಲ, ಅದಕ್ಕೆ. ಕೊನೆಯಲ್ಲಿ "ಇತರೆ" ಅಂತ ಒಂದು ಕಾಲಮ್ಮು. ವರ್ಷದ ಕೊನೆಗೆ ಕೂಡಿ ನೋಡಿದರೆ ಮನೆ ಸಾಲಕ್ಕಿಂತ ಇತರೆಯೇ ದಪ್ಪ! ಒಡೆದು ನೋಡಿದೆವು. ಊರಲ್ಲಿ ಭಾವನ ಗೃಹಪ್ರವೇಶ, ಚಿಕ್ಕಪ್ಪನ ಮಗಳ ಮದುವೆಗೆ ಮುಯ್ಯಿ, ಆ ಮದುವೆಗೆ ನಾವು ಹೋದ ಟಿಕೆಟ್ಟು, ಹೋದಾಗ ಹಂಚಿದ ಚಾಕಲೇಟು, ಬರುವಾಗ ತೂಕ ಹೆಚ್ಚಾಯಿತೆಂದು ವಿಮಾನ ನಿಲ್ದಾಣದಲ್ಲಿ ಕಟ್ಟಿದ ದಂಡ. ಅಷ್ಟು ದಂಡ ಕಟ್ಟಿ ತಂದದ್ದು ಹುಣಸೆಹಣ್ಣು. ಇವೆಲ್ಲ "ಒಂದೇ ಸಲದ ಖರ್ಚು, ಗುಣಿಸಬೇಕಿಲ್ಲ" ಅನ್ನುವುದು ಅವರ ವಾದ. ಒಂದೇ ಸಲದ ಖರ್ಚು ನಮ್ಮ ಮನೆಗೆ ಪ್ರತಿ ತಿಂಗಳೂ ಬರುತ್ತದೆ ಅನ್ನುವುದು ನನ್ನದು.

ಇನ್ನು ದೊಡ್ಡವಳ ರಂಗಪ್ರವೇಶ. ಭರತನಾಟ್ಯದ ತರಗತಿಗೆ ಸೇರಿಸುವಾಗ ಇದು ಎಲ್ಲಿಗೆ ಮುಟ್ಟುತ್ತದೆಂದು ಯಾರೂ ಹೇಳುವುದಿಲ್ಲ. ಸಭಾಂಗಣದ ಬಾಡಿಗೆ, ಮೃದಂಗ, ಕೊಳಲು, ಹಾಡುವವರು, ಅವರಿಗೆಲ್ಲ ವಿಮಾನ, ವಸತಿ. ಗುರುದಕ್ಷಿಣೆ. ವರ್ಣಕ್ಕೊಂದು, ತಿಲ್ಲಾನಕ್ಕೊಂದು ರೇಷ್ಮೆ ಉಡುಪು. ಆಹ್ವಾನ ಪತ್ರಿಕೆ, ವಿಡಿಯೋ, ವೇದಿಕೆ ಮೇಲಿನ ನಟರಾಜನಿಗೆ ಹೂವಿನ ಅಲಂಕಾರ. ಕನ್ನಡ ಸಂಘದವರೊಬ್ಬರನ್ನು ಕರೆದು ಇನ್ನೊಬ್ಬರನ್ನು ಬಿಡುವ ಹಾಗಿಲ್ಲ, ಬಂದವರಿಗೆ ಬಿಸಿಬೇಳೆಬಾತ್ ಆದರೂ ಬೇಡವೇ? ಜಿಲೇಬಿಯೂ ಇರಲಿ ಅಂದೆ. ನಮ್ಮವರು ಮೊತ್ತ ನೋಡಿ, "ಮದುವೆಗೆ ಇನ್ನು ಗಂಡೊಂದೇ ಕಡಿಮೆ ಕಣೇ" ಅಂದರು. ಅಂದು ರಾತ್ರಿ ನಿವೃತ್ತಿಯ ದಿನಾಂಕ ಮುಂದಕ್ಕೆ ಹೋಯಿತು. ಬಾಗಿಲ ಸಂದಿಯಿಂದ ಚಿಕ್ಕವಳು ಕೇಳಿದಳು: "ಅಪ್ಪಾ, ನನ್ನ ರಂಗಪ್ರವೇಶ ಯಾವಾಗ?" ದಿನಾಂಕ ಇನ್ನಷ್ಟು ಮುಂದಕ್ಕೆ ಹೋಯಿತು.

ಇದರ ಮಧ್ಯೆ ಅತ್ತೆ ಮಾವ ಬಂದರು. ಮಾವ ಹಾಸನದಲ್ಲಿ ಲೋಕೋಪಯೋಗಿ ಇಲಾಖೆಯಲ್ಲಿದ್ದವರು. ಅವರ ಕಾಲಕ್ಕೆ 58ಕ್ಕೇ ನಿವೃತ್ತಿ. ಅವರು ನಿವೃತ್ತರಾಗಿ ಮನೆಗೆ ಬಂದ ಮೇಲೆ, 2008ರಲ್ಲಿ, ಸರ್ಕಾರ ಅದನ್ನು 60 ಮಾಡಿತು. ಆ ಎರಡು ವರ್ಷ ಕೈತಪ್ಪಿದ ಸಂಕಟ ಅವರಿಗೆ ಇವತ್ತಿಗೂ ಆರಿಲ್ಲ. ಅಂಥವರ ಮುಂದೆ ಮಗ "ಐವತ್ತಕ್ಕೆ ಬಿಡ್ತೀನಿ ಅಪ್ಪಾ" ಅಂದ.

"ಯಾಕೋ, ಆಫೀಸಿನಲ್ಲಿ ಏನಾದ್ರೂ ಎನ್‌ಕ್ವೈರಿ ಮಾಡ್ತಿದಾರಾ?" ಅಂದರು ಮಾವ ಮೆಲ್ಲಗೆ.

ಶೀಟು ತೆರೆದು ವಿವರಿಸಿದ್ದಾಯಿತು. ಮಾವ ಕನ್ನಡಕ ಏರಿಸಿ ಪೂರ್ತಿ ಓದಿದರು. "ವರ್ಷ ವರ್ಷ ಬೆಲೆಯೇರಿಕೆಗೆ ತಕ್ಕ ಹಾಗೆ ಹೆಚ್ಚಿಗೆ ತಗೋತೀನಿ ಅಂತೀಯ. ಅದು ನಮ್ಮ ತುಟ್ಟಿಭತ್ಯೆಯೇ. ಆದರೆ ಮಂಜೂರು ಮಾಡೋರು ಯಾರು? ಅರ್ಜಿನೂ ನಿಂದೇ, ಸಹಿನೂ ನಿಂದೇ. ಆಡಿಟ್‌ನಲ್ಲಿ ಸಿಕ್ಕಿಹಾಕ್ಕೋತೀಯ." ನವೆಂಬರಿನಲ್ಲಿ ತಾವು ಬದುಕಿರುವುದಕ್ಕೆ ಪ್ರಮಾಣಪತ್ರ ಕೊಟ್ಟು ಪಿಂಚಣಿ ಪಡೆಯುವ ಮನುಷ್ಯ. ಹಾಗಾಗಿ ನಿವೃತ್ತಿ ಖಾತೆಯ ದುಡ್ಡನ್ನು ಐವತ್ತೊಂಬತ್ತೂವರೆಗಿಂತ ಮುಂಚೆ ಮುಟ್ಟಿದರೆ ಶೇ. 10 ದಂಡ ಅಂದಾಗ, ಆ "ಅರೆ"ಯ ಶಿಸ್ತು ಅವರಿಗೆ ಬಹಳ ಹಿಡಿಸಿತು. ಅದನ್ನು ತಪ್ಪಿಸಿಕೊಳ್ಳಲು ಮಗ ಹೂಡಿದ ಉಪಾಯ ಅತ್ತೆಗೆ ಹಿಡಿಸಿತು. ಪ್ರತಿ ವರ್ಷ ಒಂದಷ್ಟು ಹಣವನ್ನು ತೆರಿಗೆ ಕಟ್ಟಿ ರಾತ್ ಎಂಬ ಇನ್ನೊಂದು ನಿವೃತ್ತಿ ಖಾತೆಗೆ ದಾಟಿಸುವುದು, ಐದು ವರ್ಷ ಮುಟ್ಟದೆ ಇಟ್ಟು ಆಮೇಲೆ ತೆಗೆಯುವುದು. "ಮಿಡಿ ಉಪ್ಪಿನಕಾಯಿ ಭರಣಿಗಳಿದ್ದ ಹಾಗೆ. ಹಳೇದನ್ನ ತೆಗೀತಾ ಹೊಸದನ್ನ ಹಾಕ್ತಾ ಇರೋದು" ಅಂದರು. ಇಷ್ಟು ಚೆನ್ನಾಗಿ ನನಗೆ ಯಾರೂ ವಿವರಿಸಿರಲಿಲ್ಲ.

"ಸರಿ, ಜ್ವರಗಿರ ಬಂದ್ರೆ?" ಇದು ಮಾವನ ಕೊನೆಯ ಆಕ್ಷೇಪಣೆ.

ಅಮೆರಿಕದಲ್ಲಿ ಇದಕ್ಕಿಂತ ಕಷ್ಟದ ಪ್ರಶ್ನೆಯಿಲ್ಲ. ಸರ್ಕಾರದ ಮೆಡಿಕೇರ್ ಬರುವುದು 65ಕ್ಕೆ. ಕೆಲಸ ಬಿಟ್ಟವರು ಹಳೆಯ ಕಂಪನಿಯ ವಿಮೆಯನ್ನೇ ಮುಂದುವರಿಸಬಹುದು, ಆದರೆ ಸಾಮಾನ್ಯವಾಗಿ 18 ತಿಂಗಳು ಮಾತ್ರ, ಅದೂ ಪೂರ್ತಿ ಕಂತು ಕೈಯಿಂದ ಕಟ್ಟಿ. ನಡುವಿನ ವರ್ಷಗಳನ್ನು ದಾಟುವುದು ಹೇಗೆ? ನಮ್ಮವರು ಶೀಟನ್ನು ಥಟ್ಟನೆ ಮುಚ್ಚಲು ಹೋದರು. ಮಾವ ಬಿಡಲಿಲ್ಲ. ಇಲಾಖೆಯ ಕಡತ ಓದಿದ ಕಣ್ಣು, ಕೆಳಗಿನ ಸಣ್ಣ ಅಕ್ಷರಕ್ಕೇ ಹೋಯಿತು. ಗಟ್ಟಿಯಾಗಿ ಓದಿದರು: "ಆರೋಗ್ಯ ವಿಮೆ: ಹೆಂಡತಿಯ ಆಫೀಸಿನಿಂದ. 65 ವರ್ಷದವರೆಗೆ. ಖರ್ಚು ಸೊನ್ನೆ."

ಮನೆಯೆಲ್ಲ ನನ್ನ ಕಡೆ ತಿರುಗಿತು. ಇಡೀ ಯೋಜನೆಯ ಅಡಿಗಲ್ಲು ನಾನು ಅಂತ ನನಗೆ ಗೊತ್ತಾದದ್ದು ಆಗ.

"ನಾನು ಯಾವಾಗ ರಿಟೈರ್ ಆಗೋದ್ರೀ?"

"ಅದು... ಎರಡನೇ ಹಂತ" ಅಂದರು ನಮ್ಮವರು.

ಅತ್ತೆ ಬಟಾಣಿ ಬಿಡಿಸುವುದನ್ನು ನಿಲ್ಲಿಸಿದರು. "ಅಂದ್ರೆ ಇವಳು ದುಡಿಯೋಕೆ ಹೋಗ್ತಾಳೆ, ನೀನು ಮನೇಲಿರ್ತೀಯ. ಒಳ್ಳೇದೇ ಆಯ್ತು. ಬೆಳಗ್ಗೆ ಇವಳ ಡಬ್ಬಿ ಕಟ್ಟಬೇಕಲ್ಲ, ಚಪಾತಿ ಮಾಡೋದು ಕಲಿ. ನಾನು ಊರಿಗೆ ಹೋಗೋದ್ರೊಳಗೆ ಕಲಿಸ್ತೀನಿ, ಏಳು."

ನಮ್ಮವರು ಎದ್ದರು. ಅಡುಗೆಮನೆಯಲ್ಲಿ ಬೀರುವಿನ ಬಾಗಿಲುಗಳನ್ನು ಒಂದೊಂದಾಗಿ ತೆಗೆದು ಹಾಕುವ ಸದ್ದು. ಆಮೇಲೆ ದನಿ ಬಂತು: "ಲೇ, ಗೋಧಿಹಿಟ್ಟಿನ ಡಬ್ಬ ಎಲ್ಲಿಟ್ಟಿದೀಯೇ?"

ಈ ಮನೆ ಕೊಂಡ ದಿನದಿಂದ ಅದು ಒಲೆಯ ಪಕ್ಕದಲ್ಲೇ ಇದೆ.