ಪ್ಲಾನ್ ಮಾವ

ಭದ್ರಾವತಿಯ ಕಾರ್ಖಾನೆಗಳಲ್ಲಿ ದುಡಿದು, ನಿವೃತ್ತರಾಗಿ, ಶಿವಮೊಗ್ಗದ ವಿನೋಬನಗರದಲ್ಲಿ ಮನೆ ಕಟ್ಟಿಸಿಕೊಂಡವರಿಗೆ ಬರವಿಲ್ಲ. ಅವರಲ್ಲಿ ಕೆಲವರು ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ, ಕೆಲವರು ಸಂಜೆ ಭಜನೆಗೆ ಹೋಗುತ್ತಾರೆ. ಪ್ಲಾನ್ ಮಾವ ರದ್ದಿ ಅಂಗಡಿಗೆ ಹೋಗುತ್ತಾರೆ. ಇಂಥ ಮಾವ ನಿಮ್ಮ ಬೀದಿಯಲ್ಲೂ ಒಬ್ಬರಿರಬೇಕು. ಕಿಸೆಯಲ್ಲಿ ಟೇಪು, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು, ಕಂಕುಳಲ್ಲಿ ಅಂಚು ಹಳದಿಗಟ್ಟಿದ ಪತ್ರಿಕೆಗಳ ಕಟ್ಟು. 'ಮನೆಯಲ್ಲೇ ಮಾಡಿಕೊಳ್ಳಿ' ಎಂಬ ತಲೆಬರಹ ಕಂಡರೆ ಸಾಕು, ಇವರ ಕಾಲು ಮುಂದೆ ಹೋಗುವುದಿಲ್ಲ. ಇದುವರೆಗೆ ಏನೇನು ಮಾಡಿಕೊಂಡಿರಿ ಎಂದು ಮಾತ್ರ ಕೇಳಬಾರದು.

ಮಾವ ಇದ್ದದ್ದು ಕಬ್ಬಿಣದ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ. 1923ರಲ್ಲಿ ಮಲೆನಾಡಿನ ಕಟ್ಟಿಗೆಯ ಇದ್ದಿಲಿನಿಂದ ಅದಿರು ಕರಗಿಸಲು ಹೊರಟ ಕಾರ್ಖಾನೆ ಅದು ಎನ್ನುವುದನ್ನು ಅವರು ದಿನಕ್ಕೊಮ್ಮೆಯಾದರೂ ಯಾರಿಗಾದರೂ ಹೇಳಲೇಬೇಕು. ಅಲ್ಲಿ ಇವರು ಬರೆದ ಡ್ರಾಯಿಂಗಿಗೆ ಸಹಿ ಬಿದ್ದು ಕೆಳಗಿನ ಶಾಪಿಗೆ ಹೋಗುತ್ತಿತ್ತು. ಕೆಲವು ದಿನಗಳಲ್ಲಿ ವಸ್ತು ತಾನಾಗಿಯೇ ತಯಾರಾಗುತ್ತಿತ್ತು. ಮನೆಯಲ್ಲೂ ಹಾಗೇ ಆದೀತೆಂದು ಇನ್ನೂ ಕಾಯುತ್ತಿದ್ದಾರೆ. ಮನೆಯಲ್ಲಿ ಶಾಪ್ ಎಂದರೆ ಅತ್ತೆ. ಅತ್ತೆಗೆ ಓವರ್‌ಟೈಮ್ ಇಲ್ಲ.

ಭಾನುವಾರ ಭದ್ರಾವತಿ ಬಸ್ಸು ಹತ್ತಿದರೆಂದರೆ ಯಾರೋ ಕ್ವಾರ್ಟರ್ಸ್ ಖಾಲಿ ಮಾಡಿದ ಸುದ್ದಿ ಸಿಕ್ಕಿದೆ ಎಂದರ್ಥ. ಹಳೇ ಎಂಜಿನಿಯರುಗಳ ಮನೆಯ ರದ್ದಿಯಲ್ಲಿ ಏನೇನಿರುತ್ತದೋ ಹೇಳಲಾಗದು. ಅಂಗಡಿಯಲ್ಲಿ ಮಾವನ ನಟನೆ ನೋಡಬೇಕು. ಮೊದಲು ಒಂದು 'ಸುಧಾ' ತೆಗೆದು ತಿರುವುತ್ತಾರೆ, ಆಕಳಿಸುತ್ತಾರೆ, ಮಳೆಯ ವಿಷಯ ಮಾತಾಡುತ್ತಾರೆ. ಕೈ ಮಾತ್ರ ಮೆಲ್ಲಗೆ ಕೆಳಗಿನ ಕಟ್ಟಿಗೆ ಇಳಿದು 'ಪಾಪ್ಯುಲರ್ ಮೆಕ್ಯಾನಿಕ್ಸ್'ನ ಬೆನ್ನು ಸವರುತ್ತದೆ. ಅಂಗಡಿಯವನು ಇಂಥವರನ್ನು ಎಷ್ಟು ಕಂಡಿಲ್ಲ!

"ಸಾರ್, ಅದು ಕೆಜಿ ಲೆಕ್ಕ ಅಲ್ಲ. ಅದು ಇಂಗ್ಲಿಷ್ ರದ್ದಿ."

1902ರಿಂದ ಹೊರಡುತ್ತಿರುವ ಈ ಅಮೆರಿಕನ್ ಪತ್ರಿಕೆ, ನಿಮಗೆ ಅರ್ಥವಾಗುವಂತೆ ಬರೆಯುತ್ತೇವೆಂದು ಬಹಳ ಕಾಲ ಸಾರಿಕೊಂಡಿತ್ತು. ಮಾವನಿಗೆ ಅರ್ಥವಾಗುತ್ತದೆ, ತೊಂದರೆ ಅದೇ. ಒಮ್ಮೆ ಗೋಡೆಗೆ ಮಡಚಿಡುವ ಮೇಜಿನ ಪ್ಲಾನ್ ಸಿಕ್ಕಿತು. ಕಾಲಿನ ಕೀಲು ಕೂರಿಸುವ ಜಾಗಕ್ಕೆ ಬರುವಷ್ಟರಲ್ಲಿ 'ಮುಂದಿನ ಭಾಗ 214ನೇ ಪುಟಕ್ಕೆ' ಎಂದಿತ್ತು. 214ನೇ ಪುಟ ಅದಾಗಲೇ ಮಂಡಕ್ಕಿ ಪೊಟ್ಟಣವಾಗಿ ಯಾರದೋ ಸಂಜೆಯನ್ನು ಸಾರ್ಥಕಗೊಳಿಸಿತ್ತು. ಅಂದಿನಿಂದ ಮಾವ ಮಂಡಕ್ಕಿ ಕೊಂಡಾಗಲೆಲ್ಲ ಮೊದಲು ಪೊಟ್ಟಣ ಓದುತ್ತಾರೆ.

ಅಟ್ಟದ ಮೇಲೆ ಎಲ್ಲ ವಿಂಗಡಣೆಯಾಗಿದೆ. ದೆಹಲಿಯಿಂದ 1969ರಲ್ಲಿ ಶುರುವಾದ 'ಎಲೆಕ್ಟ್ರಾನಿಕ್ಸ್ ಫಾರ್ ಯೂ' ಒಂದು ಕಡೆ, ಮಕ್ಕಳಿಗೆಂದು ತರಿಸಿ ತಾವೇ ಓದಿದ 'ಬಾಲ ವಿಜ್ಞಾನ' ಇನ್ನೊಂದು ಕಡೆ. ಪ್ರತಿ ಫೈಲಿಗೂ ನಂಬರು, ಪ್ರತಿ ನಕ್ಷೆಯ ಅಂಚಿನಲ್ಲೂ ಕೆಂಪು ಶಾಯಿಯ ತಿದ್ದುಪಡಿ. ಅಮೆರಿಕದವರ ತಪ್ಪನ್ನು ವಿನೋಬನಗರದಲ್ಲಿ ಕೂತು ಹಿಡಿದ ಸುಖ ಸಾಮಾನ್ಯವೇ? ಆದರೆ ಅಮೆರಿಕವನ್ನು ಮಲೆನಾಡಿಗೆ ಇಳಿಸುವುದು ಸುಲಭವಲ್ಲ. ಅಲ್ಲಿ 120 ವೋಲ್ಟ್, ಇಲ್ಲಿ 230. ಈ ವ್ಯತ್ಯಾಸವನ್ನು ಮಾವ ಕಲಿತದ್ದು ಓದಿ ಅಲ್ಲ, ಫ್ಯೂಸ್ ಕಟ್ಟಿ. ಅಲ್ಲಿನವರು ಎರಡು-ನಾಲ್ಕರ ರೀಪು ಎಂದರೆ ಕೀಸುಳಿ ಹೊಡೆದ ಮೇಲೆ ಒಂದೂವರೆ-ಮೂರೂವರೆ ಇಂಚು. ನಮ್ಮ ಆಚಾರ್ರಿಗೆ ಎರಡು ಎಂದರೆ ಎರಡು, ನಾಲ್ಕು ಎಂದರೆ ನಾಲ್ಕು. ಕಿಟಕಿಗೆಂದು ಮಾಡಿಸಿದ ಚೌಕಟ್ಟು ಕಿಟಕಿಯೊಳಗೆ ಹೋಗಲಿಲ್ಲ.

"ಅಳತೆ ನಿಮ್ದೇ, ರಾಯ್ರೇ" ಎಂದರು ಆಚಾರ್ರು, ಕೂಲಿ ಎಣಿಸಿಕೊಳ್ಳುತ್ತ.

ಆಮೇಲೆ ಮಾವ ಎಲ್ಲಕ್ಕೂ ಮೊದಲು ವರ್ಕ್‌ಬೆಂಚ್ ಬೇಕೆಂದು ತೀರ್ಮಾನಿಸಿದರು. ಅದರ ಪ್ಲಾನೂ ಸಿಕ್ಕಿತು. ಹಲಗೆಯನ್ನು ವರ್ಕ್‌ಬೆಂಚಿನ ವೈಸಿಗೆ ಬಿಗಿಯಿರಿ ಎಂಬಲ್ಲಿಂದಲೇ ಅದು ಶುರುವಾಗುತ್ತಿತ್ತು. ಕೆಲಸ ಅಲ್ಲಿಗೇ ನಿಂತಿದೆ.

ಅವರ ಫೈಲುಗಳಲ್ಲಿ ನಿಜವಾಗಿ ವಸ್ತುವಾದದ್ದು ಒಂದೇ: ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕೆಂದು 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಹುಟ್ಟಿತಲ್ಲ, ಅದರ ಕೊಡುಗೆ. ಒಂದೇ ಬೆಂಕಿಗೆ ಮೂರು ಪಾತ್ರೆ, ಹೊಗೆಗೆ ಕೊಳವೆ, ಸೌದೆಯೂ ಉಳಿತಾಯ. ಅದರ ನಕ್ಷೆಯನ್ನು ಮಾವ ಟ್ರೇಸಿಂಗ್ ಪೇಪರಿನ ಮೇಲೆ ತಿದ್ದಿ ತೀಡುತ್ತಿದ್ದ ಕಾಲಕ್ಕೆ, ತೀರ್ಥಹಳ್ಳಿ ಹತ್ತಿರದ ತವರಿಗೆ ಹೋಗಿದ್ದ ಅತ್ತೆ ಒಲೆ ಹಾಕುವವನನ್ನು ಕರೆಸಿ, ಎದುರು ನಿಂತು ಮಣ್ಣು ಮೆತ್ತಿಸಿ, ಒಲೆ ಹಾಕಿಸಿಯೇ ಬಂದರು. ಸುದ್ದಿ ಕೇಳಿದ ಮಾವ ನಕ್ಷೆ ಹಿಡಿದುಕೊಂಡೇ ಹೋದರು. ಮೊಣಕಾಲೂರಿ, ಉರಿಯುವ ಒಲೆಯ ಬಾಯಿಗೆ ಟೇಪು ಹಿಡಿದು, ಮುಖವೆಲ್ಲ ಕೆಂಪಗೆ ಮಾಡಿಕೊಂಡು ಎದ್ದರು.

"ಎರಡನೇ ಪಾತ್ರೆ ಒಂದಿಂಚು ಆಚೆ ಕೂತಿದೆ ಕಣೇ."

"ಕೂತ್ಕೊಳ್ಲಿ ಬಿಡಿ. ಅನ್ನ ಆಗಿದೆ, ನೀವೂ ಕೂತ್ಕೊಳ್ಳಿ."

ಆ ಒಲೆಯ ಫೈಲಿನ ಮೇಲೆ ಮಾವನ ಕೈಬರಹದಲ್ಲಿ 'ಪರಿಶೀಲನೆಯಲ್ಲಿದೆ' ಎಂದಿದೆ.

ಮೊಮ್ಮಗ ರಜಕ್ಕೆ ಬಂದವನು, 'ಪಾಪ್ಯುಲರ್ ಮೆಕ್ಯಾನಿಕ್ಸ್'ನ ನೂರು ವರ್ಷದ ಸಂಚಿಕೆಗಳು ಫೋನಿನಲ್ಲೇ ಪುಕ್ಕಟೆ ಸಿಗುತ್ತವೆ ಎಂದು ತೋರಿಸಿಕೊಟ್ಟ. ಮಾವನ ಮುಖ ಇಷ್ಟಾಯಿತು. ಹುಡುಕದೆ ಸಿಕ್ಕಿದ ಪ್ಲಾನಿಗೆ ಏನು ಮರ್ಯಾದೆ? ಎರಡು ದಿನ ಮುನಿಸಿಕೊಂಡಿದ್ದು, ಮೂರನೆಯ ದಿನ ದುರ್ಗಿಗುಡಿಗೆ ಹೋಗಿ ಪ್ರಿಂಟ್ ಹಾಕಿಸತೊಡಗಿದರು. ಅಟ್ಟ ಬಗ್ಗತೊಡಗಿತು. 2015ರಲ್ಲಿ ಭದ್ರಾವತಿಯ ಪೇಪರ್ ಫ್ಯಾಕ್ಟರಿ ನಿಂತದ್ದನ್ನು ನೆನೆದು ಎಲ್ಲರೂ ಈಗಲೂ ಹೊಟ್ಟೆ ಉರಿದುಕೊಳ್ಳುತ್ತಾರೆ. ಅತ್ತೆ ಮಾತ್ರ, "ನಮ್ಮನೆ ಅಟ್ಟ ಕೇಳಿದ್ರೆ ಇನ್ನೆರಡು ವರ್ಷಕ್ಕಾಗೋಷ್ಟು ಕಚ್ಚಾಮಾಲು ಕೊಡ್ತಿದ್ವಿ" ಎನ್ನುತ್ತಾರೆ.

ಕೊನೆಗೆ ಅತ್ತೆಯೇ ನೆಹರು ರಸ್ತೆಯಿಂದ ಕಬ್ಬಿಣದ ರ‍್ಯಾಕ್ ಒಂದನ್ನು ತರಿಸಿದರು. ಬಿಚ್ಚಿದ ಪಟ್ಟಿಗಳು, ಬೋಲ್ಟುಗಳ ಪೊಟ್ಟಣ, ಜೋಡಿಸುವ ಬಗೆ ತೋರಿಸುವ ಒಂದು ಹಾಳೆ. ಹಾಳೆ ನೋಡಿದ್ದೇ ಮಾವನ ಕಣ್ಣು ಅರಳಿತು. ಎರಡು ಕಡೆ ಅಳತೆ ನಮೂದಿಸಿಲ್ಲವೆಂದು ಕಂಡುಹಿಡಿದು, ಕೆಂಪು ಶಾಯಿಯಲ್ಲಿ ಗುರುತು ಹಾಕಿ, ನಂಬರು ಕೊಟ್ಟು ಫೈಲಿಗೆ ಸೇರಿಸಿದರು. ಮರುದಿನ ರ‍್ಯಾಕ್ ಜೋಡಿಸಲು ಅಂಗಡಿಯ ಹುಡುಗ ಬಂದ.

"ಅಂಕಲ್, ಒಳಗೊಂದು ಪೇಪರ್ ಇತ್ತಲ್ಲ, ಕೊಡಿ."

"ಒರಿಜಿನಲ್ ಕೊಡಕ್ಕಾಗಲ್ಲ ಮಾರಾಯ" ಎಂದರು ಮಾವ. "ಜೆರಾಕ್ಸ್ ಮಾಡಿಸಿಡ್ತೀನಿ, ಸೋಮವಾರ ಬಾ."